ಒಂದು ಶೇರಿಗೆ ಎಷ್ಟು ಹಾದಿ

ಒರೆಸಿದಷ್ಟೂ ಧೂಳು ಬರುತ್ತಲೇ ಇತ್ತು. ಕನಕಪ್ಪ ಒದ್ದೆ ಅರಿವೆಯಿಂದ ಕಾರಿನ ಬಾನೆಟ್ಟನ್ನು ಎಷ್ಟು ಸಿಟ್ಟಿನಿಂದ ತಿಕ್ಕುತ್ತಿದ್ದನೆಂದರೆ, ಇನ್ನೊಂದು ವಾರ ಹೀಗೇ ತಿಕ್ಕಿದ್ದರೆ ಬಣ್ಣ ಹೋಗಿ ತಗಡು, ತಗಡು ಹೋಗಿ ಎಂಜಿನ್ನು, ಎಂಜಿನ್ನೂ ಹೋಗಿ ಆಚೆ ಕಟ್ಟೆಯ ಮೇಲೆ ಕೂತ ಪ್ರಭುಲಿಂಗಪ್ಪ ಸಾವಕಾರ ಕಾಣುತ್ತಿದ್ದ. ಅವತ್ತು ಅಮಾವಾಸ್ಯೆ, ಗಜೇಂದ್ರಗಡದ ಹತ್ತಿ ಪೇಟೆ ಬಂದ್. ಅಮಾವಾಸ್ಯೆ ದಿನ ಎತ್ತಿನ ಹೆಗಲಿಗೆ ನೊಗ ಹಾಕುವುದಿಲ್ಲ. ಕಾರಿಗೂ ಕಾರು ಹೊಡೆಯುವವನಿಗೂ ಆ ರಿಯಾಯಿತಿ ಯಾವ ಶಾಸ್ತ್ರದಲ್ಲೂ ಇರಲಿಲ್ಲ. “ಕನಕಾ, ಬಾ ಇಲ್ಲೆ,” ಎಂದು ಸಾವಕಾರ ಕರೆದ. ಹೋಗಿ ನಿಂತ. “ಮಳಿ ಬಂದೀತೇನೋ?” ಹತ್ತಿ ಬಿಡಿಸುವ ಕಾಲ, ಆಕಾಶದಲ್ಲಿ ಅಂಗೈಯಗಲ ಮೋಡವಿಲ್ಲ. ಕನಕಪ್ಪ ಬಾಯಿ ತೆರೆಯುವ ಮೊದಲೇ ಸಾವಕಾರನ ಮೂಗು ಮುಂದೆ ಬಂದು, ಅವನ ಕೈಗಳ ಮೇಲೆ ಒಂದು ಉದ್ದನೆಯ ಉಸಿರು ಎಳೆದುಕೊಂಡು, ಹಿಂದೆ ಹೋಯಿತು. ಮೂರು ವರ್ಷದಿಂದ ದಿನಾ ಮುಂಜಾನೆ ಇದೇ ಮಳೆ, ಇದೇ ಮೂಗು. ಕಾರು ಹೊಡೆಯುವವನ ಕೈಯಿಂದ ಪೆಟ್ರೋಲಿನ ವಾಸನೆ ಬರದೆ ಕುಂಬಾರನ ಕೈಯ ಹಾಗೆ ಮಣ್ಣಿನ ವಾಸನೆ ಬರುತ್ತದೆಯೇ? ಮೊದಲ ವರ್ಷ ಅವನು ಬೂದಿ ಹಚ್ಚಿ ಕೈ ತೊಳೆದುಕೊಂಡು ಬರುತ್ತಿದ್ದ. ಆಮೇಲೆ, ಕೈ ತೊಳೆದುಕೊಂಡು ಬರುವವನು ಕಳ್ಳನೇ ಎಂದು ಅನ್ನಿಸಿ, ತೊಳೆಯುವುದನ್ನು ಬಿಟ್ಟ. ಬಿಟ್ಟ ಮೇಲೆ, ಕಳ್ಳನಾಗಿಯೂ ಇಷ್ಟೂ ಭಯವಿಲ್ಲವಲ್ಲ ಎಂದು ಜನ ಅಂದುಕೊಂಡಾರು ಎನ್ನಿಸಿತು. ಈಗ ಒಂದು ಕೈ ತೊಳೆಯುತ್ತಿದ್ದ.

ಲಡಾಯಿಯಲ್ಲಿ ಮಿಲಿಟರಿ ಲಾರಿ ಹೊಡೆದವನು ಅವನು. ಹಿಂದೆ ಡಬ್ಬಿಗಟ್ಟಲೆ ಪೆಟ್ರೋಲು, ಮೇಲೆ ವಿಮಾನ. ಆದರೂ ಯಾವ ಗೋರಾ ಸಾಹೇಬನೂ ಅವನ ಕೈ ಮೂಸಿರಲಿಲ್ಲ. ಇಲ್ಲಿ ನರಗುಂದದ ಬೀಗರಿಂದ ಎಲ್ಲ ಸುರುವಾಯಿತು. ಅವರ ಕಾರೂ ಇದೇ ನಮೂನೆಯದು, ಇದೇ ವರ್ಷದ್ದು, ಕುಡಿಯುವುದು ಮಾತ್ರ ಇದರ ಅರ್ಧ. ಅದು ಗೊತ್ತಾದ ದಿನದಿಂದ ಪ್ರಭುಲಿಂಗಪ್ಪ ಕಟ್ಟೆಯ ಮೇಲೆ ನಾಲ್ಕು ಮಂದಿ ಕೂತಾಗ ನೋಡಿ, ಕನಕಪ್ಪನ ಕಡೆ ನೋಡದೆ, ತೊಲೆಯ ಕಡೆ ನೋಡುತ್ತ ಅನ್ನುತ್ತಿದ್ದ: “ತಿಂಗಳಿಗೆ ನಾಕ ಗ್ಯಾಲನ್ ಹೆಚ್ಚ ಹೊಂಟಾವ. ಎಲ್ಲಿ ಹೊಂಟಾವೋ ಆ ಶಿವನ ಬಲ್ಲ.” ಕಳ್ಳ ಎಂಬ ಮಾತನ್ನು ಒಂದು ಸಲವೂ ಆಡಲಿಲ್ಲ. ಆಡಿದ್ದರೆ ಕನಕಪ್ಪ ಜಗಳವಾಡುತ್ತಿದ್ದ, ಅರಿವೆ ಒಗೆದು ತನ್ನೂರು ಮುಶಿಗೇರಿಗೆ ಹೋಗಿ ಕುರಿ ಕಾಯುತ್ತಿದ್ದ. ಆಡದ ಮಾತಿಗೆ ಉತ್ತರ ಹೇಗೆ ಕೊಡುವುದು? ತೊಲೆಯ ಜೊತೆ ಜಗಳ ಹೇಗೆ ಮಾಡುವುದು? ಹೋದ ವಾರ ಮಾತ್ರ ತಡೆಯದೆ, ಕಟ್ಟೆ ತುಂಬ ಜನರಿರುವಾಗ, “ಅಳೀರಿ,” ಎಂದಿದ್ದ. “ಏನ?” “ಗಾಡಿ ಎಷ್ಟ ಕುಡಿತೈತಿ ಅನ್ನೂದನ್ನ ಅಳೀರಿ. ಪಂಚರನ್ನ ಕುಂದರ್ಸಿ ಅಳೀರಿ.” ಅಳೆಯುವುದೆಂದರೆ ಸಾವಕಾರನಿಗೆ ಊಟಕ್ಕಿಂತ ಹೆಚ್ಚು, ಕೂಡಲೇ ಒಪ್ಪಿದ. ಕನಕಪ್ಪನಿಗೆ ಬೇಕಾದದ್ದು ಒಂದೇ ಮಾತು. ಅಳತೆ ಮುಗಿದ ಮೇಲೆ ಇದೇ ಕಟ್ಟೆಯ ಮೇಲೆ, ಇದೇ ಜನರೆದುರು, ಸಾವಕಾರ ಬಾಯಿ ಬಿಟ್ಟು “ಕನಕಪ್ಪ ಕಳ್ಳ ಅಲ್ಲ” ಎನ್ನಬೇಕು. ಅಷ್ಟೇ.

ಆದರೆ ಬಾಯಿ ಬಿಡುವುದೇ ಆ ಮನುಷ್ಯನಿಗೆ ಕಷ್ಟ. ಹತ್ತಿ ಪೇಟೆಯಲ್ಲಿ ದರವನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಹೆಗಲ ವಲ್ಲಿಯ ಕೆಳಗೆ ಕೈಹಾಕಿ, ಬೆರಳು ಹಿಡಿದು ಮುಗಿಸುತ್ತಾರೆ. ಮೂವತ್ತು ವರ್ಷ ಹಾಗೆ ವ್ಯಾಪಾರ ಮಾಡಿದ ಪ್ರಭುಲಿಂಗಪ್ಪನಿಗೆ ಅಂಕಿಗಳು ಬಾಯಿಗೆ ಬರುವುದೇ ನಿಂತುಹೋಗಿತ್ತು. ಕಾರಿನಲ್ಲೂ ಹಿಂದಿನ ಸೀಟಿನಿಂದ ವಲ್ಲಿಯನ್ನು ಕನಕಪ್ಪನ ಹೆಗಲ ಮೇಲೆ ಹಾಸಿ, ಅದರ ಕೆಳಗೆ ಕೈಯಿಟ್ಟು ಒತ್ತುತ್ತಿದ್ದ. ಒಂದು ಬೆರಳೆಂದರೆ ತಾಸಿಗೆ ಹತ್ತು ಮೈಲಿ. ಗಿಣ್ಣಿನಿಂದ ಎರಡು ಸಲ ಕುಟ್ಟಿದರೆ ಮೇಲೆ ಎರಡು. ಹನ್ನೆರಡು. ಮೂರು ವರ್ಷದಲ್ಲಿ ಎರಡನೆಯ ಬೆರಳಿನ ಪರಿಚಯ ಆ ಹೆಗಲಿಗೆ ಆಗಿರಲಿಲ್ಲ. “ಎತ್ತ ಓಡಿಸಿದ್ರ ಮೇವು ಹೆಚ್ಚ ತಿಂತೈತಿ, ಸಾವಕಾಶ ಹೊಡದ್ರ ಕಡಿಮಿ. ಇದೂ ಹಂಗ,” ಎಂಬುದು ಸಾವಕಾರನ ಸಿದ್ಧಾಂತ. ಹನ್ನೆರಡು ಮೈಲಿಯಲ್ಲಿ ಆ ಕಾರು ಮೇಲಿನ ಗೇರಿನಲ್ಲಿ ನಿಲ್ಲುತ್ತಿರಲಿಲ್ಲ. ಎರಡನೆಯ ಗೇರಿನಲ್ಲಿ ಹಡೆಯುವ ಹೆಂಗಸಿನ ಹಾಗೆ ನರಳುತ್ತ ರೋಣಕ್ಕೆ ಹೋಗುತ್ತಿತ್ತು. ಒಮ್ಮೆ ಜಕ್ಕಲಿಯ ಹತ್ತಿರ ಒಂದು ಎಮ್ಮೆ ಅದನ್ನು ಹಿಂದೆ ಹಾಕಿತು. ಹಾಕಿದ್ದು ಹೋಗಲಿ, ಹಿಂದೆ ಹಾಕಿ, ನಿಂತು, ಹೊರಳಿ ನೋಡಿತು. ಆ ನೋಟವನ್ನು ಕನಕಪ್ಪ ಸಾಯುವ ತನಕ ಮರೆಯುವಂತಿರಲಿಲ್ಲ. ಗಿರಣಿಯ ಮುಂದೆ ನಿಂತರೆ ಎಂಜಿನ್ನು ಆರಿಸುವಂತಿಲ್ಲ, ಚಾಲೂ ಮಾಡುವುದಕ್ಕೆ ಹೆಚ್ಚು ಎಣ್ಣೆ ಬೇಕಂತೆ. ಸಾವಕಾರ ಒಳಗೆ ತಾಸುಗಟ್ಟಲೆ ಮಾತಾಡುವಾಗ ಹೊರಗೆ ಕಾರು ಒಂದೇ ಸಮ ಗುರುಗುಡುತ್ತಿರಬೇಕು. “ಇಪ್ಪತ್ತೈದು ಮೂವತ್ತರಾಗ ಹೋದ್ರ ಎಣ್ಣಿ ಉಳಿತೈತ್ರಿ ಸಾವಕಾರ್ರ,” ಎಂದು ಮೊದಲ ವರ್ಷ ಹೇಳಿದ್ದಕ್ಕೆ, “ಓಡಸೂ ಚಟ ನಿಂದು, ನೆವ ಎಣ್ಣಿದು,” ಎಂದು ಸಾವಕಾರ ನಕ್ಕಿದ್ದ. ಕಟ್ಟೆಯೂ ನಕ್ಕಿತ್ತು. ಕಟ್ಟೆ ಯಾವಾಗಲೂ ಸಾವಕಾರ ನಕ್ಕ ಮೇಲೆ ನಗುತ್ತಿತ್ತು, ಒಂದು ಉಸಿರು ಬಿಟ್ಟು.

ಅಳೆಯುವುದಕ್ಕೆಂದು ರೋಣದ ಮುಂಜಾನೆಯ ಬಸ್ಸಿನಿಂದ ಅಬ್ದುಲಗನಿ ಮಿಸ್ತ್ರಿ ಇಳಿದ. ಗಿರಣಿಗಳ ಎಣ್ಣೆ ಎಂಜಿನ್ನು ರಿಪೇರಿ ಮಾಡುವವನು. ಕೈಯಲ್ಲಿ ಒಂದು ಶೇರು ಹಿಡಿಯುವ ಗಾಜಿನ ಬಾಟಲಿ, ರಬ್ಬರಿನ ನಳಿಕೆ, ತಂತಿ. ದಲಾಲ ಗುರುಸಂಗಪ್ಪ, ಅವನೇ ಇವತ್ತಿನ ಪಂಚ, ಬೀಡಿಯ ಹೊಗೆಯ ಹಿಂದಿನಿಂದ ನೋಡಿದ.

“ಏನ್ ಮಿಸ್ತ್ರಿ, ದವಾಖಾನಿ ಔಷಧ ತಂದಂಗ ತಂದೀಯಲ್ಲೋ?”

“ಔಷಧನ ಅನಕೋರಿ ಯಜಮಾನ್ರ. ರೋಗ ಗಾಡಿಗೈತೋ, ಗಾಡ್ಯಾಗ ಕುಂತವ್ರಿಗೈತೋ, ಸಂಜಿಕ ತಿಳಿತೈತಿ. ಮೊದಲ ಆ ಬೀಡಿ ಒಗೀರಿ.”

“ಬೀಡಿ ಯಾಕೋ?”

“ಈ ಬಾಟ್ಲಿ ನಿಮ್ಮ ತೊಡಿ ಮ್ಯಾಲ ಕುಂದರತೈತಿ. ಇದರಾಗ ಪೆಟ್ರೋಲ. ನೀವು ಸೇದಿದ್ರ ನಾವೆಲ್ಲಾರೂ ಕೈಲಾಸಕ್ಕ ಹೋಗತೇವಿ, ಅಳತಿ ಮುಗಿಯಂಗಿಲ್ಲ.”

ಇಪ್ಪತ್ತು ವರ್ಷದಲ್ಲಿ ಬೀಡಿಯಿಲ್ಲದೆ ಗುರುಸಂಗಪ್ಪನ ಬಾಯಿ ಕಂಡವರಿರಲಿಲ್ಲ. ಅಲ್ಲಿ ಹಲ್ಲುಗಳಿವೆ ಎಂಬುದು ಊರಿಗೆ ಅವತ್ತು ತಿಳಿಯಿತು. ಅಬ್ದುಲಗನಿ ಪೆಟ್ರೋಲಿನ ಟಾಕಿಯಿಂದ ಬರುವ ನಳಿಕೆಯ ಬಾಯಿ ಮುಚ್ಚಿ ಕಟ್ಟಿ, ಬಾಟಲಿಯ ನಳಿಕೆಯನ್ನು ಎಂಜಿನ್ನಿಗೆ ಸೇರಿಸಿದ. ಊರ ಹೊರಗಿನ ಮೈಲಿಗಲ್ಲಿನಿಂದ ಹೊರಡುವುದು. ಮುಳ್ಳು ಒಂದೇ ವೇಗದ ಮೇಲೆ ನಿಂತಿರಬೇಕು. ಒಂದು ಶೇರು ಮುಗಿದು ಎಂಜಿನ್ನು ತಾನೇ ಸಾಯುವ ತನಕ ಯಾರು ಏನೇ ಅಂದರೂ ನಿಲ್ಲುವಂತಿಲ್ಲ. ಸತ್ತಲ್ಲಿ ಮೈಲಿ, ಫರ್ಲಾಂಗು ಎಣಿಸುವುದು. ಡಬ್ಬಿಯಿಂದ ಸುರಿದುಕೊಂಡು ತಿರುಗಿ ಬರುವುದು, ಮತ್ತೊಂದು ವೇಗ. “ನಿಲ್ಲಂಗಿಲ್ಲ ಅಂದ್ರ ನಿಲ್ಲಂಗಿಲ್ಲ,” ಎಂದು ಸಾವಕಾರನೇ ಮೂರು ಸಲ ಹೇಳಿದ. “ನಡುವ ನಿಂತ್ರ ಅಳತಿ ಕೆಡತೈತಿ.”

ಮೊದಲು ಹನ್ನೆರಡು. ವಲ್ಲಿ ಹೆಗಲಿಗೆ ಬಿತ್ತು, ಬೆರಳು ಒತ್ತಿತು, ಗಿಣ್ಣು ಎರಡು ಸಲ ಕುಟ್ಟಿತು. ಕನಕಪ್ಪನ ಸಿಟ್ಟೆಲ್ಲ ಬಲಗಾಲಿಗೆ ಇಳಿದಿತ್ತು. ಆ ಕಾಲನ್ನು ಸ್ವಲ್ಪ, ಜೋಳದ ಕಾಳಿನಷ್ಟು, ಹೆಚ್ಚು ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡಿದರೆ ಎಣ್ಣೆ ಬೇಗ ತೀರುತ್ತದೆ, ಹನ್ನೆರಡರ ಮಾನ ಇನ್ನಷ್ಟು ಹೋಗುತ್ತದೆ, ಯಾರಿಗೂ ತಿಳಿಯುವುದಿಲ್ಲ. ಒತ್ತಲಿಲ್ಲ. ಪ್ರಾಮಾಣಿಕನಾದ್ದರಿಂದ ಅಲ್ಲ, ಒತ್ತಿದರೆ ಸಾವಕಾರ ಮೂರು ವರ್ಷ ಮೂಸಿದ್ದು ಸರಿಯಾಗಿಬಿಡುತ್ತದೆ ಎಂಬ ಸಿಟ್ಟಿಗೆ. ಎಂಜಿನ್ನು ನರಳುತ್ತ ನರಳುತ್ತ ಎರಡು ಮೈಲಿ ಐದು ಫರ್ಲಾಂಗಿಗೆ ಸತ್ತಿತು. “ಬಾಟ್ಲಿ ಸಣ್ಣದೈತಿ,” ಎಂದ ಸಾವಕಾರ. ಇಪ್ಪತ್ತರಲ್ಲಿ ಅದೇ ಸಣ್ಣ ಬಾಟಲಿ ಮೂರು ಮೈಲಿ ನಾಲ್ಕು ಫರ್ಲಾಂಗು ಹೋಯಿತು. ಗುರುಸಂಗಪ್ಪ ಬೀಡಿಯಿಲ್ಲದ ಬೆರಳುಗಳನ್ನು ತುಟಿಗೆ ಒಯ್ದು, ಅಲ್ಲಿ ಏನೂ ಇಲ್ಲವೆಂದು ನೆನೆಸಿಕೊಂಡು, ಇಳಿಸಿದ.

ಮೂವತ್ತಕ್ಕೆ ಮುಂದಿನ ಗಾಲಿಗಳು ಅಲುಗಾಡಿದವು. ಮಿಸ್ತ್ರಿ ಇಪ್ಪತ್ತೆಂಟು ಅಂದ. ಇಪ್ಪತ್ತೆಂಟಕ್ಕೆ ಬಂದ ಕೂಡಲೇ ಕಾರು ಸುಮ್ಮನಾಯಿತು. ಮೂರು ವರ್ಷ ಗೊಣಗಿದ ಪ್ರಾಣಿ ಹೊಟ್ಟೆ ತುಂಬಿ ನಿದ್ದೆ ಹೋದಂತೆ. ಎರಡೂ ಕಡೆಯ ಕರಿ ಹೊಲಗಳಲ್ಲಿ ಬಿಳಿ ಹತ್ತಿ ಹಿಂದಕ್ಕೆ ಸರಿಯತೊಡಗಿತು, ಗಾಳಿ ಬಂತು, ಅವನಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಪಕ್ಕದಲ್ಲಿ ಗುರುಸಂಗಪ್ಪನ ತೊಡೆಯ ಮೇಲಿನ ಬಾಟಲಿಯಿಂದ ವಾಸನೆ ಮೂಗಿಗೆ ಬಡಿಯಿತು, ಆ ವಾಸನೆಯ ಹಿಂದೆ ಕೋಟು. ಎರಡು ವರ್ಷದ ಹಿಂದೆ, ನರಗುಂದದಲ್ಲಿ ಒಂದು ಫೋಟೋ ತೆಗೆಸಬೇಕೆಂದು ಹೆಂಡತಿ ಫಕೀರವ್ವ ಹಟ ಹಿಡಿದಿದ್ದಳು. ಲಡಾಯಿಯಿಂದ ತಂದ ಕೋಟಿನ ಎದೆಯ ಮೇಲೆ ಅಂಗೈಯಗಲ ಗ್ರೀಸಿನ ಕಲೆ. ಪೆಟ್ರೋಲಿಗಲ್ಲದೆ ಇನ್ಯಾವುದಕ್ಕೂ ಹೋಗದ ಕಲೆ. ಟಾಕಿಯ ನಳಿಕೆ ಸಡಿಲಿಸಿ ಪಾವಶೇರು ಹಿಡಿದುಕೊಂಡಿದ್ದ. ಕೇಳಿದ್ದರೆ ಸಾವಕಾರ ಕೊಡುತ್ತಿದ್ದನೇನೋ. ಕೇಳುವುದಕ್ಕೆ ನಾಚಿಕೆ, ಕದಿಯುವುದಕ್ಕೆ ಯಾಕೆ ನಾಚಿಕೆಯಾಗಲಿಲ್ಲವೋ ಇವತ್ತಿಗೂ ತಿಳಿಯದು. ಫೋಟೋದವನು “ನಗರಿ” ಎಂದಾಗ ಫಕೀರವ್ವ ಅವನ ಕಿವಿಯ ಹತ್ತಿರ, “ಏನ್ ವಾಸನಿರಿ ಇದು, ತಲಿ ತಿರಗಾಕತ್ತೈತಿ,” ಎಂದಳು. ಅದೇ ಗಳಿಗೆಗೆ ಫೋಟೋ ಆಯಿತು. ಗೋಡೆಯ ಮೇಲಿನ ಅದರಲ್ಲಿ ಕೋಟು ಸ್ವಚ್ಛವಾಗಿದೆ, ಮುಖ ಸಿಕ್ಕಿಬಿದ್ದವನದು. ಅವತ್ತಿನಿಂದ ಅವನ ಸಿಟ್ಟು ಕೆಟ್ಟಿತು. ತಿಂಗಳಿಗೆ ನಾಲ್ಕು ಗ್ಯಾಲನ್ನಿನಂತೆ ಮೂರು ವರ್ಷದ ನೂರ ನಲವತ್ತನಾಲ್ಕು ಗ್ಯಾಲನ್ ತನ್ನ ತಲೆಗೆ ಕಟ್ಟಿದ್ದಾರೆ ಎಂದು ರೊಚ್ಚಿಗೇಳಬೇಕೆಂದಾಗಲೆಲ್ಲ, ಆ ಪಾವಶೇರು ಎದ್ದು ಬಂದು ಗಂಟಲಲ್ಲಿ ಕೂಡುತ್ತಿತ್ತು. ಪೂರಾ ಕಳ್ಳನಾಗಿದ್ದರೆ ಇಷ್ಟು ಹೊತ್ತಿಗೆ ಸುಖವಾಗಿರುತ್ತಿದ್ದ. ಪೂರಾ ಸಾಚಾ ಆಗಿದ್ದರೆ ಇಷ್ಟು ಹೊತ್ತಿಗೆ ಸಾವಕಾರನ ಮೂಗಿಗೆ ಒಂದು ಗುದ್ದು ಬಿದ್ದಿರುತ್ತಿತ್ತು. “ನಿಂತತ್ರಿ!” ಎಂದು ಅಬ್ದುಲಗನಿ ಕೂಗಿದ. ನಾಲ್ಕು ಮೈಲಿ ಮೂರು ಫರ್ಲಾಂಗು.

ಮೂವತ್ತೈದರಲ್ಲಿ ಮೂರು ಮೈಲಿ ಆರು ಫರ್ಲಾಂಗಾಯಿತು. ಇಳಿಯಿತಲ್ಲ, ಸಾಕು ಎಂದ ಮಿಸ್ತ್ರಿ. “ಇನ್ನೂ ಒಂದ ನೋಡೂಣು,” ಎಂದ ಕನಕಪ್ಪ, ಹೊರಳದೆ. “ನಲವತ್ತೈದು. ಆಮ್ಯಾಲ ಯಾರೂ ಇದನ್ನ ಅಳೀಲಿಲ್ಲ ಅನಬಾರದಲ್ರೀ.” ಹಿಂದಿನ ಸೀಟು ಬೇಡವೆನ್ನುವುದಕ್ಕೂ ಆಗದೆ ಹೂಂ ಎನ್ನುವುದಕ್ಕೂ ಆಗದೆ ಕೆಮ್ಮಿತು. ನಲವತ್ತೈದರಲ್ಲಿ ಆ ಕಾರಿನ ನಾಲ್ಕು ಬಾಗಿಲುಗಳು ನಾಲ್ಕು ಊರಿಗೆ ಹೋಗುವ ವಿಚಾರ ಮಾಡಿದವು. ಹೆಗಲ ಮೇಲೆ ವಲ್ಲಿಯ ಕೆಳಗೆ ಒಂದು ಬೆರಳಲ್ಲ, ಎರಡಲ್ಲ, ಹತ್ತೂ ಬೆರಳು ಬಂದು ಕಚ್ಚಿ ಹಿಡಿದವು. ಅದನ್ನು ಪೇಟೆಯ ಲೆಕ್ಕದಲ್ಲಿ ಓದಿದರೆ ನೂರು ಮೈಲಿ ಹೊಡೆ ಎಂದಾಗುತ್ತಿತ್ತು. ಮುಶಿಗೇರಿಯ ದಾರಿ ಕೂಡುವಲ್ಲಿ ಸಾವಕಾರನ ರುಮಾಲು ಹಾರಿತು. ಹನ್ನೆರಡು ಮೊಳದ ಬಿಳಿ ರುಮಾಲು ಗಾಳಿಯಲ್ಲಿ ಬಿಚ್ಚುತ್ತ ಬಿಚ್ಚುತ್ತ ಒಂದು ಕುರಿ ಹಿಂಡಿನ ಮೇಲೆ ಇಳಿದು ಏಳು ಕುರಿಗಳಿಗೆ ಒಟ್ಟಿಗೆ ಪಟಗಾ ಕಟ್ಟಿದಂತಾಯಿತು, ನೋಡಿದವರು ಇದ್ದಾರೆ. “ನಿಲ್ಲಸೋ ಕನಕಾ, ನಿಲ್ಲಸಪಾ!” “ನಿಲ್ಲಂಗಿಲ್ರಿ ಸಾವಕಾರ್ರ! ಅಳತಿ ಕೆಡತೈತಿ!” ಈ ಒಂದು ಮಾತನ್ನು ಅವನು ಎಷ್ಟು ಜೋರಾಗಿ ಕೂಗಿದನೆಂದರೆ ಸ್ವತಃ ಅವನಿಗೇ ಹೆದರಿಕೆಯಾಯಿತು. ನಲವತ್ತೈದೇ ಎಲ್ಲಕ್ಕಿಂತ ಚಲೋ ವೇಗವಾಗಲಿ, ಇನ್ನು ಮೇಲೆ ಜೀವ ಇರುವ ತನಕ ಈ ಬೋಳು ತಲೆಯನ್ನು ನಲವತ್ತೈದರಲ್ಲೇ ಒಯ್ಯುವಂತಾಗಲಿ ಎಂದು ಬೇಡಿಕೊಂಡ. ಎರಡು ಮೈಲಿ ಏಳು ಫರ್ಲಾಂಗಿಗೆ ಎಂಜಿನ್ನು ಸತ್ತಿತು. ಹನ್ನೆರಡಕ್ಕಿಂತ ಎರಡೇ ಫರ್ಲಾಂಗು ಹೆಚ್ಚು.

ಕಟ್ಟೆಗೆ ಮರಳಿದಾಗ ಹೊತ್ತು ಇಳಿದಿತ್ತು, ಜನ ಕೂಡಿದ್ದರು. ಮುಂಜಾನೆ ಒರೆಸಿದ ಬಾನೆಟ್ಟಿನ ಮೇಲೆ ಮತ್ತೆ ಬೆರಳುದ್ದ ಧೂಳು; ಅಬ್ದುಲಗನಿ ಅದರ ಮೇಲೆ ಬೆರಳಿನಿಂದ ಲೆಕ್ಕ ಬರೆದ. ಹನ್ನೆರಡರಲ್ಲಿ ಹೋಗಿ ಕೆಟ್ಟದ್ದು ಇಷ್ಟು, ಗಿರಣಿಗಳ ಮುಂದೆ ನಿಂತು ಗುರುಗುಟ್ಟಿದ್ದು ಇಷ್ಟು. “ನಿಮ್ಮ ನಾಕ ಗ್ಯಾಲನ್ ಇಲ್ಲೇ ಅದಾವ ನೋಡ್ರಿ. ಬೀಗರ ಗಾಡಿ ಇಪ್ಪತ್ತೆಂಟರಾಗ ಹೋಗತಿರಬೇಕು, ನಿಮ್ಮದು ಹನ್ನೆರಡರಾಗ. ಒಂದ ಹನಿ ಎಲ್ಲೂ ಹೋಗಿಲ್ಲ.” ಗುರುಸಂಗಪ್ಪ ಬೀಡಿ ಹೊತ್ತಿಸಿ, ಮೊದಲ ದಮ್ಮಿನ ಸುಖದಲ್ಲಿ ಕಣ್ಣು ಮುಚ್ಚಿ, “ಪಂಚನಾಗಿ ಹೇಳತೇನಿ, ಖರೇ,” ಎಂದ.

ಸಾವಕಾರ ಬಹಳ ಹೊತ್ತು ಬಾನೆಟ್ಟು ನೋಡಿದ. ಆಮೇಲೆ ಸಾವಕಾರ ಕಟ್ಟೆ ಹತ್ತಿ, ಕೂತು, ರುಮಾಲಿಲ್ಲದ ತಲೆಯ ಮೇಲೆ ಕೈಯಾಡಿಸಿಕೊಂಡು, ಜನರನ್ನೆಲ್ಲ ಒಮ್ಮೆ ನೋಡಿ ಹೇಳಿದ: “ನಾ ಮೊದಲ ಅಂತಿದ್ದೆ. ನಮ್ಮ ಗಾಡಿಗೆ ಇಪ್ಪತ್ತೆಂಟ ಒಗ್ಗತೈತಿ. ಇವತ್ತ ಕಂಡಹಿಡದ ಬಿಟ್ಟೆ.” ಕಟ್ಟೆ ತಲೆದೂಗಿತು. ಯಾರೋ, “ಸಾವಕಾರ್ರ ತಲಿ ಅಂದ್ರ ಏನ್ ಸಾಮಾನ್ಯ,” ಎಂದರು. “ಇನ್ನ ಮ್ಯಾಲ ಕಡಿಮಿ ಬಂದ್ರ ನೆವ ಹೇಳಂಗಿಲ್ಲ ಕನಕಾ. ಶೇರಿಗೆ ನಾಕ ಮೈಲಿ ಮೂರ ಫರ್ಲಾಂಗ. ತಿಳೀತಿಲ್ಲೋ?”

“ನನ್ನ ಬಗ್ಗೆ ಏನರೆ ಅನ್ರಿ ಸಾವಕಾರ್ರ.”

“ನಿನ್ನ ಬಗ್ಗೆ ಏನಂತ ಅನ್ನೂದೋ?”

“ಮೂರ ವರ್ಷ ಅಂದ್ರಲ್ಲಾ, ಅದನ್ನ ತಿರಗಿ ತಗೋರಿ.”

“ನಾ ಏನ್ ಅಂದೀನೋ?” ಸಾವಕಾರ ಖರೇನೇ ಆಶ್ಚರ್ಯಪಟ್ಟ. “ಯಾವಾಗರೆ ನಿಂಗ ಒಂದ ಮಾತ ಅಂದೀನೇನು? ಹೇಳ್ರಿಪಾ ನೀವು, ಅಂದೀನಿ?” ಕಟ್ಟೆ ನೆನಪು ಮಾಡಿಕೊಂಡಿತು. ಅಂದಿಲ್ಲ, ಅಂದಿಲ್ಲ ಎಂದಿತು. ಅದು ನಿಜವಾಗಿತ್ತು. ಕನಕಪ್ಪನ ಕಾಲ ಕೆಳಗಿನಿಂದ ಮೂರು ವರ್ಷ ಸರಿದುಹೋಯಿತು; ಆರೋಪವೇ ಇಲ್ಲದ ಮೇಲೆ ಬಿಡುಗಡೆ ಎಲ್ಲಿಂದ ಬರುತ್ತದೆ? ಅವರ ಮುಖಗಳು, ಎಲೆ ಅಡಕೆಯ ಬಾಯಿಗಳು, ಬಾನೆಟ್ಟಿನ ಮೇಲಿನ ಅಂಕಿಗಳು, ಆ ನಾಲ್ಕು ಮೈಲಿ ಮೂರು ಫರ್ಲಾಂಗು ಎಲ್ಲ ಒಂದಕ್ಕೊಂದು ಸೇರಿ ಅವನನ್ನು ಎಲ್ಲಿಯೂ ಇಲ್ಲದವನನ್ನಾಗಿ ಮಾಡುತ್ತಿರುವಂತೆ ಕಂಡಿತು. ಗಂಟಲಲ್ಲಿ ಕೂತದ್ದು ತಾನಾಗಿ ಹೊರಗೆ ಬಂತು.

“ಕದ್ದೀನ್ರಿ.”

ಅಬ್ದುಲಗನಿಯ ಕೈಯಲ್ಲಿದ್ದ ನಳಿಕೆ ಅಲ್ಲೇ ನಿಂತಿತು.

“ಒಮ್ಮೆ. ಪಾವಶೇರ. ಕೋಟಿನ ಕಲಿ ತಗೀಲಿಕ್ಕೆ. ಅಷ್ಟ ಕದ್ದೀನಿ, ಅದಕ್ಕಿಂತ ಒಂದ ಹನಿ ಹೆಚ್ಚಿಲ್ಲ, ಕಡಿಮಿನೂ ಇಲ್ಲ. ಬರಕೋರಿ. ನಾ ಪಾವಶೇರಿನ ಕಳ್ಳ!”

ಸಾವಕಾರ ನಕ್ಕ, ಒಂದು ಉಸಿರು ಬಿಟ್ಟು ಕಟ್ಟೆ ನಕ್ಕಿತು. “ಸಿಟ್ಟಿನ್ಯಾಗ ಸುಳ್ಳ ಹೇಳಾಕತ್ತಾನ,” ಎಂದ ಗುರುಸಂಗಪ್ಪ. “ಖರೇ ಅದ ಯಜಮಾನ್ರ, ದೇವರಾಣಿ.” “ಏ, ಹುಚ್ಚಾ, ನಾನ ಪಂಚ ಕುಂತ ಅಳದೀನಿ, ನಾಕ ಗ್ಯಾಲನ್ನೂ ಲೆಕ್ಕಕ್ಕ ಸಿಕ್ಕಾವ. ನಿನ್ನ ಪಾವಶೇರ ಎಲ್ಲಿಂದ ಬರಬೇಕೋ?” “ಬಂದೈತ್ರಿ, ಟಾಕಿಯಿಂದ ನಾನ ಈ ಕೈಯಿಂದ...” ಎಂದು ಅವನು ಕೈ ಮುಂದೆ ಚಾಚಿದ, ಮೂಸಿ ನೋಡಿ ಎಂಬಂತೆ. ಯಾರೂ ಮೂಸಲಿಲ್ಲ. ಪ್ರಭುಲಿಂಗಪ್ಪ ಸಾವಕಾರ ಮಾತ್ರ ಎದ್ದು ನಿಂತ. ಪಂಚರ ಅಳತೆಯನ್ನು ಒಬ್ಬ ಚಾಕರಿಯವನು ಸುಳ್ಳೆನ್ನುವುದು ಅವನಿಗೆ ತಡೆಯಲಿಲ್ಲ. ಮೂವತ್ತು ವರ್ಷದಲ್ಲಿ ಏರದ ದನಿ ಏರಿತು:

“ಅಳತಿಗಿಂತ ನೀ ದೊಡ್ಡವನೇನಲೇ? ನೀ ಕಳ್ಳ ಅಲ್ಲ! ಅಲ್ಲ ಅಂದ್ರ ಅಲ್ಲ! ಬಾಯಿ ಮುಚ್ಚ!”

ಕನಕಪ್ಪ ಬಾಯಿ ಮುಚ್ಚಿದ.

ಅಮಾವಾಸ್ಯೆ ಸಂಜೆ ಅವನು ಮನೆಗೆ ಹೋಗುವ ರೂಢಿ. ಊರ ಬಾಯಿಯ ಚಹದ ಅಂಗಡಿಯವನು, “ಕೇಳಿದ್ನಿಪಾ, ಚಲೋ ಆತು,” ಎಂದು ಅವನನ್ನು ಕೂಡಿಸಿ ಪುಕ್ಕಟೆ ಚಹ ಕೊಟ್ಟ. ನಾಲಿಗೆ ಸುಡುತ್ತಿದ್ದರೂ ಒಂದೇ ಗುಟುಕಿಗೆ ಕುಡಿದ. ನಡೆಯುತ್ತ ಹೊರಟ. ಅವನ ಪ್ರಾಮಾಣಿಕತೆ ಅವನಿಗಿಂತ ಮುಂದೆ ಹೋಗಿತ್ತು, ಎಷ್ಟು ವೇಗದಲ್ಲಿ ಎಂಬುದನ್ನು ಯಾವ ಮಿಸ್ತ್ರಿಯೂ ಅಳೆದಿಲ್ಲ. ಎದುರು ಬಂದ ಕುರಿಗಾರರು, ಹತ್ತಿ ಬಿಡಿಸಿ ಮರಳುವ ಹೆಂಗಸರು, ಎಲ್ಲರೂ ಅವನನ್ನು ನಿಂತು ನೋಡಿದರು, ದವಾಖಾನಿಯಿಂದ ಬದುಕಿ ಬಂದವನನ್ನು ನೋಡಿದ ಹಾಗೆ. ಮುಶಿಗೇರಿಯ ಅಗಸಿ ಬಾಗಿಲ ಹತ್ತಿರ ಪರಶಪ್ಪ ಬೇವಿನ ಗಿಡದ ಕೆಳಗೆ ಹಗ್ಗ ಹೊಸೆಯುತ್ತ ಕೂತಿದ್ದ. ಅವನ ಸಣ್ಣಂದಿನ ಗೆಳೆಯ.

“ಏ ಕನಕಪ್ಪಾ! ನೀ ಕದ್ದ ಇಲ್ಲಂತಲ್ಲೋ?”

ಕನಕಪ್ಪ ನಿಂತ.

“ನಾವೆಲ್ಲಾ ಕದ್ದಾನ ಕದ್ದಾನ ಅನಕೊಂಡ ಕುಂತಿದ್ವಿ. ಊರಾಗ ನಿನ್ನ ಹೆಸರ ಎಷ್ಟ ದೊಡ್ಡದಿತ್ತ ಗೊತ್ತೈತೇನು?” ಪರಶಪ್ಪ ಹಗ್ಗ ಕೆಳಗಿಟ್ಟು, ಮರುಕದಿಂದ ತಲೆ ಅಲ್ಲಾಡಿಸಿದ. “ಅಲ್ಲೋ ಖೋಡಿ, ಅಷ್ಟ ಎಣ್ಣಿ ಕೈಯಾಗ ಇಟಗೊಂಡು ಮೂರ ವರ್ಷ ಏನ್ ಮಾಡಿದಿ ಮತ್ತ?”

ಉಳುಮೆಯಾದ ಹೊಲ ರಸ್ತೆಯ ತನಕ ಬಂದಿತ್ತು. ಕನಕಪ್ಪ ಬಗ್ಗಿ, ತೆಂಗಿನಕಾಯಿ ಗಾತ್ರದ ಒಂದು ಮಣ್ಣಿನ ಹೆಂಟೆಯನ್ನು ಎತ್ತಿಕೊಂಡ. ಪರಶಪ್ಪ ಇನ್ನೂ ಉತ್ತರಕ್ಕಾಗಿ ಕಾಯುತ್ತಿದ್ದ.